ಮೊಮ್ಮಗನ ಪುಸ್ತಕ

ನಮ್ಮ ಓದುವ ಕೋಣೆಯ ಕಪಾಟಿನಲ್ಲಿ ಒಂದೇ ಮಾಲೆಗೆ ಸೇರಿದ ಎರಡು ಪುಸ್ತಕಗಳು ಇಂದು ಅಕ್ಕಪಕ್ಕದಲ್ಲಿ ನಿಂತಿವೆ. ಒಂದು, ಎ. ಕೆ. ರಾಮಾನುಜನ್ನರು ವಚನಗಳನ್ನು ಇಂಗ್ಲಿಷಿಗೆ ತಂದ ‘ಸ್ಪೀಕಿಂಗ್ ಆಫ್ ಶಿವ’. ಪೆಂಗ್ವಿನ್ ಸಂಸ್ಥೆಯ ಕ್ಲಾಸಿಕ್ಸ್ ಮಾಲೆಯಲ್ಲಿ 1973ರಲ್ಲಿ ಹೊರಬಂದ ಆ ಚಿಕ್ಕ ಹೊತ್ತಗೆ ಕನ್ನಡ ಬಾರದ ಅಸಂಖ್ಯ ಓದುಗರಿಗೆ ಶರಣರ ನುಡಿಯನ್ನು ಮುಟ್ಟಿಸಿತು. ಇನ್ನೊಂದು, ಅದೇ ಮಾಲೆಯಲ್ಲಿ 2022ರಲ್ಲಿ ಬಂದ ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’. ಕೆಂಪು ನೀಲಿ ಉಡುಪು ತೊಟ್ಟು, ಮುಖಕ್ಕೆ ಮುಸುಕು ಹಾಕಿಕೊಂಡು, ಜೇಡನಂತೆ ಗೋಡೆ ಏರುವ ಒಬ್ಬ ಶಾಲಾಬಾಲಕನ ಚಿತ್ರಕಥೆಗಳ ಸಂಗ್ರಹವಿದು. ಇವೆರಡನ್ನೂ ಒಂದೇ ಹಲಗೆಯ ಮೇಲೆ ಇಟ್ಟವರು ನಾವೇ. ಕೆಲವು ವರ್ಷಗಳ ಹಿಂದೆ ಯಾರಾದರೂ ಹೀಗಾದೀತೆಂದು ನುಡಿದಿದ್ದರೆ ನಾವು ಅದನ್ನು ಅಪಚಾರವೆಂದೇ ಗಣಿಸುತ್ತಿದ್ದೆವು. ಇದು ಹೇಗೆ ಸಂಭವಿಸಿತೆಂಬುದನ್ನು ಓದುಗ ಬಂಧುಗಳಲ್ಲಿ ಅರಿಕೆ ಮಾಡಿಕೊಳ್ಳಬೇಕೆನಿಸಿದೆ.

ನಾವು ಬಾಲ್ಯದಿಂದಲೂ ಮಠದ ಉಚಿತ ಪ್ರಸಾದ ನಿಲಯದಲ್ಲಿ ಬೆಳೆದವರು. ನಸುಕಿನಲ್ಲಿ ಎದ್ದು ಅಮರಕೋಶವನ್ನು ಬಾಯಿಪಾಠ ಮಾಡುವುದು, ಹಗಲೆಲ್ಲ ಶಾಲೆ, ಸಂಜೆ ಶಬ್ದಮಣಿದರ್ಪಣದ ಸೂತ್ರಗಳು, ಇದೇ ನಮ್ಮ ದಿನಚರಿ. 1970ರ ದಶಕದ ಆ ದಿನಗಳಲ್ಲಿ ಕನ್ನಡದಲ್ಲಿಯೂ ಬರುತ್ತಿದ್ದ ಇಂದ್ರಜಾಲ ಕಾಮಿಕ್ಸ್ ಪುಸ್ತಕಗಳನ್ನು ನಮ್ಮೊಡನಿದ್ದ ಹುಡುಗನೊಬ್ಬ ಊರಿಗೆ ಹೋದಾಗಲೆಲ್ಲ ತಂದು ಟ್ರಂಕಿನ ತಳದಲ್ಲಿ ಬಚ್ಚಿಡುತ್ತಿದ್ದ. ಅದನ್ನು ಕಂಡು ನಿಲಯದ ಹಿರಿಯರ ಕಿವಿಗೆ ಹಾಕಿದವರು ನಾವು. ಆ ಪುಸ್ತಕಗಳು ಅಡುಗೆಮನೆಯ ಒಲೆಗೆ ಹೋದವು. ಒಳ್ಳೆಯ ಕೆಲಸ ಮಾಡಿದೆವೆಂಬ ತೃಪ್ತಿಯಿಂದ ನಾವು ಆ ರಾತ್ರಿ ನಿದ್ರಿಸಿದ್ದೂ ನಿಜ. ಚಿತ್ರ ನೋಡಿ ಕಥೆ ತಿಳಿಯುವುದು ಅಕ್ಷರ ಕಲಿಯದವರ ಲಕ್ಷಣವೆಂಬ ಅಂದಿನ ಅಭಿಪ್ರಾಯ ಅರವತ್ತು ದಾಟಿದ ಮೇಲೂ ನಮ್ಮನ್ನು ಬಿಟ್ಟಿರಲಿಲ್ಲ.

ಮೂರು ವರ್ಷಗಳ ಹಿಂದೆ ನಮ್ಮ ಅಳಿಯಂದಿರು ಒಂದು ರಾತ್ರಿ ಹೃದಯಾಘಾತದಿಂದ ತೀರಿಕೊಂಡರು. ಮಲಗಿದವರು ಬೆಳಗಿಗೆ ಏಳಲಿಲ್ಲ. ಮಗಳು ಹನ್ನೆರಡು ವರ್ಷದ ಮಗನೊಡನೆ ಧಾರವಾಡದ ನಮ್ಮ ಮನೆಗೆ ಬಂದಳು. ಅವಳು ತನ್ನ ದುಃಖವನ್ನು ಶಾಲೆಯ ಕೆಲಸದಲ್ಲಿ ಹೂತಳು. ಅತ್ತಳು, ಮಾತಾಡಿದಳು, ನಿಧಾನವಾಗಿ ಚೇತರಿಸಿದಳು. ಹುಡುಗ ಮಾತ್ರ ಅಳಲೂ ಇಲ್ಲ, ಮಾತಾಡಲೂ ಇಲ್ಲ. ಕರೆದರೆ ಬರುವನು, ಕೊಟ್ಟದ್ದನ್ನು ಉಣ್ಣುವನು, ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನೇ ತರುವನು. ಆದರೆ ರಾತ್ರಿ ಅವನ ಕೋಣೆಯ ದೀಪ ಆರುತ್ತಿರಲಿಲ್ಲ. ಕಾಲವೇ ಔಷಧವೆಂದುಕೊಂಡು ನಾವು ಸುಮ್ಮನಿದ್ದೆವು. ಹಿರಿಯರಾದವರು ಸುಮ್ಮನಿರಲು ಇಂಥ ಗಾದೆಯಂಥ ಮಾತುಗಳು ಬಹಳ ಅನುಕೂಲ.

ಅಮೇರಿಕೆಯಲ್ಲಿರುವ ಅವನ ಚಿಕ್ಕಪ್ಪ ರಜೆಗೆ ಬಂದಾಗ ಈ ಪುಸ್ತಕವನ್ನು ಅವನಿಗೆ ಕೊಟ್ಟು ಹೋದರು. ಅಂದಿನಿಂದ ಹುಡುಗನ ಕೈಯಲ್ಲಿ ಅದೇ. ಒಂದು ಸಲ ಓದಿ ಮುಗಿಸಿದ್ದರೆ ನಮ್ಮ ಗಮನಕ್ಕೆ ಬರುತ್ತಿರಲಿಲ್ಲ. ಅವನು ಮತ್ತೆ ಮತ್ತೆ ಅದೇ ಮೊದಲ ಹಾಳೆಗಳಿಗೆ ಮರಳುತ್ತಿದ್ದ. ಪಾಠದ ಪುಸ್ತಕದ ನಡುವೆ ಅದನ್ನಿಟ್ಟುಕೊಂಡು ಕುಳಿತಿದ್ದಾಗ ಒಂದು ದಿನ ನಾವು ಗದರಿ ಕಸಿದುಕೊಂಡೆವು. ಅವನು ಎದುರಾಡಲಿಲ್ಲ, ಎದ್ದು ಹೊರಗೆ ಹೋದ. ಆ ಮೌನ ನಮ್ಮನ್ನು ಚುಚ್ಚಿತು. ಒಲೆಗೆ ಹೋದ ಪುಸ್ತಕಗಳ ನೆನಪಾಯಿತು. ಈ ಬಾರಿಯಾದರೂ ತೀರ್ಪು ಕೊಡುವ ಮೊದಲು ಓದೋಣವೆಂದು ಕನ್ನಡಕ ಹಾಕಿಕೊಂಡು ಕುಳಿತೆವು.

ಈ ಬಾಲಕನ ಮೊದಲ ಕಥೆ ನ್ಯೂಯಾರ್ಕಿನಿಂದ ಹೊರಡುತ್ತಿದ್ದ ‘ಅಮೇಜಿಂಗ್ ಫ್ಯಾಂಟಸಿ’ ಎಂಬ ಪತ್ರಿಕೆಯ 15ನೆಯ ಸಂಚಿಕೆಯಲ್ಲಿ, 1962ರ ಆಗಸ್ಟ್ ತಿಂಗಳ ಹೆಸರಿನಲ್ಲಿ ಪ್ರಕಟವಾಯಿತು. ಬರೆದವರು ಸ್ಟ್ಯಾನ್ ಲೀ, ಚಿತ್ರಿಸಿದವರು ಸ್ಟೀವ್ ಡಿಟ್ಕೊ. ಅಲ್ಲಿಯವರೆಗೆ ಇಂಥ ಕಥೆಗಳಲ್ಲಿ ಹದಿಹರೆಯದವರ ಸ್ಥಾನ ಬಹುಮಟ್ಟಿಗೆ ನಾಯಕನ ಬೆನ್ನ ಹಿಂದಿನ ಸಹಾಯಕನದು. ಬ್ಯಾಟ್‌ಮ್ಯಾನನ ಜೊತೆಗಾರ ರಾಬಿನ್ ಇದಕ್ಕೆ ಪ್ರಸಿದ್ಧ ನಿದರ್ಶನ. ಜೇಡವೆಂದರೆ ಜನ ಅಸಹ್ಯಪಡುತ್ತಾರೆ, ಹುಡುಗ ನಾಯಕನಾಗಲಾರ, ನಾಯಕನಿಗೆ ಮನೆವಾರ್ತೆಯ ಚಿಂತೆಗಳಿರಬಾರದು ಎಂದು ಪ್ರಕಾಶಕ ಮಾರ್ಟಿನ್ ಗುಡ್‌ಮನ್ ಆಕ್ಷೇಪಿಸಿದರೆಂದು ಲೀ ಅನೇಕ ಸಲ ಹೇಳಿಕೊಂಡಿದ್ದಾರೆ. ಆ ಪತ್ರಿಕೆ ಹೇಗೂ ನಿಲ್ಲುವುದರಲ್ಲಿತ್ತು. ಕೊನೆಯ ಸಂಚಿಕೆಯಲ್ಲಿ ಕಥೆಗೆ ಜಾಗ ದೊರೆಯಿತು. ಹನ್ನೆರಡು ಸೆಂಟಿನ ಆ ಪುಸ್ತಿಕೆಯ ಒಂದು ಸುಸ್ಥಿತಿಯ ಪ್ರತಿ 2021ರ ಹರಾಜಿನಲ್ಲಿ ಮೂವತ್ತಾರು ಲಕ್ಷ ಡಾಲರಿಗೆ ಮಾರಾಟವಾಯಿತು. ಲೋಕ ಯಾವುದನ್ನು ಕಸವೆನ್ನುತ್ತದೆ, ಯಾವುದನ್ನು ನಿಧಿಯೆನ್ನುತ್ತದೆ ಎಂಬುದಕ್ಕೆ ಕಾಲವೇ ಸಾಕ್ಷಿ.

ಆ ಮೊದಲ ಕಥೆ ಹನ್ನೊಂದೇ ಪುಟದ್ದು. ಪೀಟರ್ ಪಾರ್ಕರ್ ತಂದೆ ತಾಯಿಗಳಿಲ್ಲದ ಹುಡುಗ. ಬೆನ್ ಎಂಬ ಚಿಕ್ಕಪ್ಪ, ಮೇ ಎಂಬ ಚಿಕ್ಕಮ್ಮನ ಆಶ್ರಯದಲ್ಲಿ ಬೆಳೆದವನು. ಓದಿನಲ್ಲಿ ಮುಂದು, ಮೈಯಲ್ಲಿ ಬಡಕಲು. ಸಹಪಾಠಿಗಳಿಗೆ ಅವನು ಹಾಸ್ಯದ ವಸ್ತು. ವಿಕಿರಣ ತಾಗಿದ ಜೇಡವೊಂದು ಕಚ್ಚಿ ಅವನಿಗೆ ಅಸಾಧಾರಣ ಶಕ್ತಿ ಬರುತ್ತದೆ. ಆ ಶಕ್ತಿಯನ್ನು ಅವನು ಮೊದಲು ಬಳಸುವುದು ಹಣಕ್ಕಾಗಿ: ಮಲ್ಲನೊಬ್ಬನ ಎದುರು ಮೂರು ನಿಮಿಷ ನಿಂತವರಿಗೆ ನೂರು ಡಾಲರ್ ಎಂಬ ಪಂದ್ಯಕ್ಕೆ ಹೋಗುತ್ತಾನೆ. ಮುಂದೆ ಟೆಲಿವಿಷನ್ನಿನಲ್ಲಿ ಹೆಸರು ಗಳಿಸುತ್ತಾನೆ. ಅಲ್ಲಿ ಒಂದು ದಿನ ಪೋಲೀಸನೊಬ್ಬ ಕಳ್ಳನ ಬೆನ್ನಟ್ಟಿ ಬರುತ್ತಾನೆ. ಪೀಟರ್ ಕೈ ಚಾಚಿದ್ದರೆ ಸಾಕಿತ್ತು. ಅದು ತನ್ನ ಕೆಲಸವಲ್ಲವೆಂದು ಅವನು ಸುಮ್ಮನೆ ನಿಲ್ಲುತ್ತಾನೆ. ಕೆಲವು ದಿನಗಳ ಮೇಲೆ ಮನೆಗೆ ಮರಳಿದರೆ ಬಾಗಿಲಲ್ಲಿ ಪೋಲೀಸರು. ಚಿಕ್ಕಪ್ಪ ಕಳ್ಳನ ಗುಂಡಿಗೆ ಬಲಿಯಾಗಿದ್ದಾನೆ. ಕೊಲೆಗಾರನನ್ನು ಪಾಳು ಗೋದಾಮಿನಲ್ಲಿ ಹಿಡಿದು ಮುಖ ನೋಡಿದಾಗ, ಅಂದು ತಾನು ಬಿಟ್ಟುಕೊಟ್ಟ ಅದೇ ಮನುಷ್ಯ. ಹುಡುಗ ಕತ್ತಲಲ್ಲಿ ತಲೆ ತಗ್ಗಿಸಿ ನಡೆದು ಹೋಗುವುದರೊಂದಿಗೆ ಕಥೆ ಮುಗಿಯುತ್ತದೆ. ದೊಡ್ಡ ಶಕ್ತಿ ಬಂದವನ ಮೇಲೆ ದೊಡ್ಡ ಹೊಣೆಯೂ ಬರುತ್ತದೆಂಬ ಅರ್ಥದ ಮಾತು ಕೊನೆಯ ಚೌಕಟ್ಟಿನಲ್ಲಿದೆ.

ಓದುಗರು ನಗಬಹುದು: ಈ ಹನ್ನೊಂದು ಪುಟಗಳನ್ನು ಓದಲು ನಮಗೆ ಒಂದು ಮಧ್ಯಾಹ್ನ ಪೂರ್ತಿ ಬೇಕಾಯಿತು. ಮೂಲವನ್ನು ಓದಿ ಟೀಕೆಯನ್ನು ನೋಡುವ ನಮ್ಮ ರೂಢಿಯಂತೆ ಗುಳ್ಳೆಗಳಲ್ಲಿರುವ ಮಾತುಗಳನ್ನೆಲ್ಲ ಮೊದಲು ಓದಿ, ಆಮೇಲೆ ಚಿತ್ರಗಳನ್ನು ನೋಡುತ್ತಿದ್ದೆವು. ಕಥೆ ಅಲ್ಲಲ್ಲಿ ಕಡಿದುಹೋಗುತ್ತಿತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮೊಮ್ಮಗ ತಡೆಯಲಾರದೆ ಬಳಿಗೆ ಬಂದ.

“ಅಜ್ಜಾ, ಮಾತು ಆಮ್ಯಾಲೆ ಓದ್ರಿ. ಮೊದಲ ಅವನ ಕೈ ನೋಡ್ರಿ, ಮುಖಾ ನೋಡ್ರಿ.”

ಅವನು ಬೆರಳಿಟ್ಟು ತೋರಿಸಿದ. ಡಿಟ್ಕೊ ಅವರ ಹುಡುಗ ಸದಾ ಹೆಗಲು ಬಾಗಿಸಿಕೊಂಡು, ಗುಂಪಿನಿಂದ ಒಂದು ಹೆಜ್ಜೆ ದೂರ ನಿಂತಿರುತ್ತಾನೆ. ಅವನ ಮನಸ್ಸಿನಲ್ಲಿ ಇಬ್ಬಂದಿ ಎದ್ದಾಗ ಅರ್ಧ ಮುಖ ಹುಡುಗನದು, ಅರ್ಧ ಮುಖ ಮುಸುಕಿನದು ಆಗಿ ಕಾಣುತ್ತದೆ. ಮುಸುಕಿನಲ್ಲಿ ಕಣ್ಣಿಲ್ಲ, ಬಾಯಿಲ್ಲ. ಆದರೂ ಬೆರಳುಗಳ ಸೆಳೆತದಿಂದ ಭಯವೂ ಸಂಕಟವೂ ತಿಳಿಯುತ್ತವೆ. ಮಾತಿಲ್ಲದ ಎಡೆಯನ್ನು ಓದುವುದೂ ಒಂದು ವಿದ್ಯೆಯೆಂಬುದನ್ನು ನಮಗೆ ಹೇಳಿಕೊಟ್ಟವನು ಎರಡು ವರ್ಷಕ್ಕೂ ಮೇಲೆ ಮಾತಿಲ್ಲದೆ ನಮ್ಮ ಮನೆಯಲ್ಲಿದ್ದ ಹುಡುಗ. ಅಂದಿನಿಂದ ಪ್ರತಿದಿನ ಸಂಜೆ ಚಹದ ನಂತರ ಒಂದೊಂದು ಕಥೆಯನ್ನು ಇಬ್ಬರೂ ಕೂಡಿ ಓದುವ ಪದ್ಧತಿಯಾಯಿತು. ಇಲ್ಲಿ ಅವನೇ ಗುರು, ನಾವು ಶಿಷ್ಯರು.

ಈ ಸಂಗ್ರಹ ಇಷ್ಟು ಜನರ ಮನಸ್ಸನ್ನು ಸೆಳೆದದ್ದೇಕೆಂದು ಆ ಸಂಜೆಗಳಲ್ಲಿ ನಮಗೆ ಮನವರಿಕೆಯಾಯಿತು. ಹೊಡೆದಾಟಗಳು ಬೇಕಾದಷ್ಟಿವೆ; ಎಂಟು ಕೈಗಳವನು, ಮರಳಾಗಿ ಕರಗುವವನು, ಮಿಂಚು ಕಾರುವವನು ಎಂಬ ದುಷ್ಟರ ಸಾಲೇ ಇದೆ. ನಿಜ ಹೇಳಬೇಕೆಂದರೆ ಅವು ನಮಗೆ ಬೇಸರ ತಂದವು. ಹಾಳೆ ತಿರುಗಿಸಲು ಹಚ್ಚಿದ್ದು ಆ ಮನೆಯ ಬಡತನ. 1963ರ ಮೊದಲ ಸಂಚಿಕೆಯಲ್ಲಿ ಚಿಕ್ಕಪ್ಪನಿಲ್ಲದ ಮನೆಯ ಬಾಡಿಗೆ ಕಟ್ಟಲು ಹಣವಿಲ್ಲ. ಮೇ ಚಿಕ್ಕಮ್ಮ ತನ್ನ ಒಡವೆಗಳನ್ನು ಗುಟ್ಟಾಗಿ ಒತ್ತೆಯಿಡುವುದನ್ನು ಹುಡುಗ ಕಾಣುತ್ತಾನೆ. ಮುಸುಕು ಹಾಕಿಕೊಂಡು ಪ್ರದರ್ಶನ ಕೊಟ್ಟು ಅವನು ಗಳಿಸುವ ಚೆಕ್ಕು ‘ಸ್ಪೈಡರ್‌ಮ್ಯಾನ್’ ಎಂಬ ಹೆಸರಿನಲ್ಲಿರುವುದರಿಂದ ಬ್ಯಾಂಕಿನಲ್ಲಿ ಹಣವಾಗುವುದಿಲ್ಲ! ಲೋಹದ ಬಾಗಿಲನ್ನು ಮುರಿಯಬಲ್ಲವನು ಒಂದು ಚೆಕ್ಕಿನ ಮುಂದೆ ನಿಸ್ಸಹಾಯಕ. ನಮ್ಮ ತಾಯಿಯವರು ನಮ್ಮ ಕಾಲೇಜಿನ ಶುಲ್ಕಕ್ಕಾಗಿ ಕೊರಳ ಸರವನ್ನು ಒತ್ತೆಯಿಟ್ಟು, ಅದು ಕಳೆದುಹೋಯಿತೆಂದು ನಮಗೆ ಹೇಳಿದ್ದರು. ನಿಜ ತಿಳಿದಾಗ ಅವರು ಇರಲಿಲ್ಲ. ಆ ಪುಟದ ಮೇಲೆ ನಮ್ಮ ಕೈ ಕೆಲಹೊತ್ತು ನಿಂತಿತು.

ಹೀಗೆಯೇ ಮುಂದುವರಿಯುತ್ತದೆ. ಹರಿದ ಮುಸುಕನ್ನು ಹುಡುಗ ತಾನೇ ಸೂಜಿ ದಾರ ಹಿಡಿದು ಹೊಲಿಯುತ್ತಾನೆ. 1964ರಲ್ಲಿ ಬಂದ ಒಂಬತ್ತನೆಯ ಸಂಚಿಕೆಯಲ್ಲಿ ಚಿಕ್ಕಮ್ಮನ ಶಸ್ತ್ರಚಿಕಿತ್ಸೆಗೆ ಸಾವಿರ ಡಾಲರ್ ಬೇಕಾದಾಗ ಸುಳ್ಳು ಛಾಯಾಚಿತ್ರವೊಂದನ್ನು ಸೃಷ್ಟಿಸಿ ಪತ್ರಿಕೆಗೆ ಮಾರುವಷ್ಟರ ಮಟ್ಟಿಗೆ ಕೆಳಗಿಳಿಯುತ್ತಾನೆ. ಮುಂದಿನ ಸಂಚಿಕೆಯಲ್ಲಿ ಆಕೆಗೆ ತನ್ನ ರಕ್ತ ಕೊಡುತ್ತಾನೆ. ಆ ರಕ್ತದಿಂದ ಏನಾದೀತೋ ಎಂಬ ಅಳುಕೂ ಇದೆ. ಅವನನ್ನು ದಿನವೂ ದೂಷಿಸುವ ಪತ್ರಿಕೆಯ ಒಡೆಯ ಜೇಮ್ಸನ್, ಅದೇ ಸಂಚಿಕೆಯ ಕೊನೆಯಲ್ಲಿ ಒಬ್ಬನೇ ಕುಳಿತು, ತನ್ನ ದ್ವೇಷದ ಮೂಲ ಹೊಟ್ಟೆಕಿಚ್ಚೆಂದು ತನ್ನಲ್ಲಿಯೇ ಒಪ್ಪಿಕೊಳ್ಳುತ್ತಾನೆ: ಆ ಮುಸುಕಿನವನು ಫಲಾಪೇಕ್ಷೆಯಿಲ್ಲದೆ ಪ್ರಾಣ ಒತ್ತೆಯಿಡುತ್ತಾನೆ, ತಾನು ಹಣದ ಹೊರತು ಏನನ್ನೂ ಮಾಡಲಾರೆ. ಹನ್ನೆರಡು ಸೆಂಟಿನ ಮಕ್ಕಳ ಪುಸ್ತಿಕೆಯಲ್ಲಿ ಒಬ್ಬ ದುರ್ಜನನ ಇಂಥ ಆತ್ಮಪರೀಕ್ಷೆಯನ್ನು ನಾವು ನಿರೀಕ್ಷಿಸಿರಲಿಲ್ಲ. ಶಾಲೆಯಲ್ಲಿ ಪೀಟರನನ್ನು ಹಂಗಿಸುವ ಫ್ಲ್ಯಾಷ್ ಎಂಬ ಹುಡುಗನೇ ಸ್ಪೈಡರ್‌ಮ್ಯಾನನ ಅಭಿಮಾನಿಗಳ ಸಂಘ ಕಟ್ಟುವುದನ್ನು ಓದಿ ಮೊಮ್ಮಗ ನಕ್ಕ. ಆ ನಗೆಯನ್ನು ಕೇಳಿ ಅಡುಗೆಮನೆಯಿಂದ ಮಗಳು ಹೊರಗೆ ಬಂದು ನಿಂತಳು.

ಒಂದು ಸಂಜೆ ಹುಡುಗ ಮತ್ತೆ ಆ ಮೊದಲ ಕಥೆಯನ್ನೇ ತೆರೆದ. ಗೋದಾಮಿನಲ್ಲಿ ಪೀಟರ್ ಕಳ್ಳನ ಮುಖ ನೋಡುವ ಚೌಕಟ್ಟು. ಆ ಹಾಳೆಯ ಅಂಚು ಅವನ ಬೆರಳಿನಿಂದ ಮಾಸಿಹೋಗಿತ್ತು. ಇದನ್ನೇ ಏಕೆ ಇಷ್ಟು ಸಲ ನೋಡುವೆಯೆಂದು ನಾವು ಕೇಳಿದೆವು. ಬಹಳ ಹೊತ್ತಿನ ಮೇಲೆ ಉತ್ತರ ಬಂತು.

“ಅಜ್ಜಾ, ಅವತ್ತ ರಾತ್ರಿ ಅಪ್ಪಾ ನನ್ನ ಕರದಿದ್ರು. ನೀರು ಕೊಡು ಅಂದ್ರು. ನನಗ ಎಚ್ಚರ ಇತ್ತು. ಅವ್ವ ಏಳ್ತಾಳ ಅಂತ ನಾ ಸುಮ್ನ ಮಲಕೊಂಡೆ.”

ಹನ್ನೆರಡು ವರ್ಷದ ಮಗುವೊಂದು ಈ ಭಾರವನ್ನು ಹೊತ್ತು ನಮ್ಮ ಸೂರಿನ ಕೆಳಗೆ ಎರಡು ವರ್ಷಕ್ಕೂ ಮಿಕ್ಕಿ ನಡೆದಾಡಿತ್ತು. ಓದುಗರೇ, ನಮ್ಮ ತಪ್ಪನ್ನು ಇಲ್ಲಿ ಮುಚ್ಚಿಡುವುದಿಲ್ಲ. ಅಂದು ಬೆಳಿಗ್ಗೆ ಬಂದ ವೈದ್ಯರು ನಮ್ಮನ್ನು ಪಕ್ಕಕ್ಕೆ ಕರೆದು, ಆಘಾತ ಬಹಳ ತೀವ್ರವಾಗಿತ್ತು, ಮನೆಯವರೆಲ್ಲ ಎಚ್ಚರವಾಗಿದ್ದರೂ ಮಾಡಬಹುದಾದುದು ಏನೂ ಇರಲಿಲ್ಲವೆಂದು ಹೇಳಿದ್ದರು. ಆ ಮಾತನ್ನು ನಾವು ಮಗಳಿಗೆ ಹೇಳಿದೆವು, ಬೀಗರಿಗೆ ಹೇಳಿದೆವು. ಮಗುವಿನ ಎದುರು ಸಾವಿನ ಮಾತೇಕೆಂದು ಅವನಿಗೊಬ್ಬನಿಗೆ ಹೇಳಲಿಲ್ಲ. ಯಾರಿಗೆ ಅದು ಎಲ್ಲರಿಗಿಂತ ಹೆಚ್ಚು ಬೇಕಾಗಿತ್ತೋ ಅವನೊಬ್ಬನೇ ಅದನ್ನು ಕೇಳದೆ ಉಳಿದ. ಕೈ ಚಾಚಿದ್ದರೆ ಸಾಕಾಗುತ್ತಿತ್ತು, ನಾವು ಚಾಚಲಿಲ್ಲ. ಆ ಹನ್ನೊಂದು ಪುಟಗಳ ಕಥೆ ಯಾರ ಕುರಿತು ಬರೆದದ್ದೆಂದು ಆಗ ನಮಗೆ ಹೊಳೆಯಿತು.

ವೈದ್ಯರ ಮಾತನ್ನು ಅವನಿಗೆ ಹೇಳಿದೆವು. “ಖರೇನಾ ಅಜ್ಜಾ?” ಎಂದ. ಹೌದೆಂದೆವು. “ತಮ್ಮಾ, ಆ ಪೀಟರ್ ಎಚ್ಚರಿದ್ದು, ಶಕ್ತಿ ಇದ್ದು, ಅಹಂಕಾರದಿಂದ ಬಿಟ್ಟುಕೊಟ್ಟವನು. ನೀನು ನಿದ್ದೆಗಣ್ಣಿನ ಕೂಸು. ಎರಡೂ ಒಂದೇ ಅಲ್ಲ,” ಎಂದೆವು. ಇಷ್ಟು ಹೇಳಿದ ಕೂಡಲೇ ಅವನ ಮನಸ್ಸು ಹಗುರವಾಯಿತೆಂದು ಬರೆದರೆ ಅದು ಸುಳ್ಳಾದೀತು. ಅವನು ಅಂದು ಮೊದಲ ಬಾರಿಗೆ ಅತ್ತ. ತಾಯಿಗೆ ತಾನೇ ಹೇಳುವೆನೆಂದ. ಹೇಳಲು ಮತ್ತೆ ನಾಲ್ಕು ದಿನ ತೆಗೆದುಕೊಂಡ. ಆ ನಾಲ್ಕು ದಿನಗಳೂ ನಾವು ಅವಸರಿಸಲಿಲ್ಲ.

ಆಮೇಲೆ ನಾವಿಬ್ಬರೂ ಓದಿದ್ದು 1964ರ ಅಕ್ಟೋಬರಿನಿಂದ ಡಿಸೆಂಬರಿನವರೆಗಿನ 17, 18, 19ನೆಯ ಸಂಚಿಕೆಗಳ ಕಥೆ. ಸಂಗ್ರಹದ ಹೃದಯ ಅಲ್ಲಿದೆಯೆಂದು ನಮ್ಮ ಮತ. ಹೋರಾಟದ ನಡುವೆ ಚಿಕ್ಕಮ್ಮನಿಗೆ ಹೃದಯಾಘಾತವಾದ ಸುದ್ದಿ ಕಿವಿಗೆ ಬಿದ್ದು ಸ್ಪೈಡರ್‌ಮ್ಯಾನ್ ಓಡಿಹೋಗುತ್ತಾನೆ. ಕಾರಣ ತಿಳಿಯದ ಊರು ಅವನನ್ನು ಹೇಡಿಯೆನ್ನುತ್ತದೆ. ತನಗೇನಾದರೂ ಆದರೆ ಆಕೆಯನ್ನು ನೋಡುವವರಾರೆಂದು ಅವನು ಎದುರಾಳಿಗಳಿಂದ ಅಡಗಿಕೊಳ್ಳುತ್ತಾನೆ. ಔಷಧದ ಹಣಕ್ಕಾಗಿ ತನ್ನ ಬಲೆಯ ಅಂಟನ್ನು ಮಾರಲು ಹೋದರೆ, ಒಂದು ತಾಸಿನಲ್ಲಿ ಕರಗುವ ಅಂಟು ಯಾರಿಗೂ ಬೇಡ. ಎಲ್ಲವನ್ನೂ ಬಿಟ್ಟುಬಿಡೋಣವೆಂಬ ಹಂತಕ್ಕೆ ಬಂದಾಗ ಅವನನ್ನು ಮೇಲೆತ್ತುವವಳು ಹಾಸಿಗೆ ಹಿಡಿದ ಆ ಮುದುಕಿಯೇ. ಸೋತು ಕೂರುವುದು ಸಲ್ಲದು, ತನಗೆ ಇನ್ನೂ ಧೈರ್ಯವಿದೆಯೆಂದು ಆಕೆ ಆಡುವ ಮಾತು ಹುಡುಗನನ್ನು ಎಬ್ಬಿಸುತ್ತದೆ. ಮೊದಲ ಕಥೆಯ ಹನ್ನೊಂದನೆಯ ಪುಟದಲ್ಲಿಯೇ ನಿಂತುಹೋಗಿದ್ದ ನಮ್ಮ ಮೊಮ್ಮಗ ಈ ಕಥೆಯನ್ನು ಓದಿದ ಮೇಲೆ ಮುಂದಕ್ಕೆ ಹೋದ. ಪಶ್ಚಾತ್ತಾಪದಲ್ಲಿ ನೆಲೆನಿಲ್ಲಬಾರದು, ಅದರಿಂದ ನಾಳೆಯ ಕೆಲಸಕ್ಕೆ ಏಳಬೇಕು ಎಂಬುದನ್ನು ನಮ್ಮ ಬಾಯಿಂದ ಕೇಳಿದ್ದರೆ ಅವನಿಗದು ಉಪದೇಶವಾಗುತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ನಾವು ಈ ಪುಸ್ತಕವನ್ನು ಒಪ್ಪಲಾರೆವು. ಆಕೆಯ ಹೃದಯ ದುರ್ಬಲವೆಂದು ಹುಡುಗ ತನ್ನ ಗುಟ್ಟನ್ನು ಚಿಕ್ಕಮ್ಮನಿಗೆ ಕೊನೆಯವರೆಗೂ ಹೇಳುವುದಿಲ್ಲ; ಆಕೆ ತನ್ನ ಕಷ್ಟವನ್ನು ಅವನಿಗೆ ಹೇಳುವುದಿಲ್ಲ. ಇಬ್ಬರೂ ಪ್ರೀತಿಯಿಂದಲೇ ಮುಚ್ಚಿಡುತ್ತಾರೆ, ಇಬ್ಬರೂ ಒಬ್ಬೊಬ್ಬರೇ ನೋಯುತ್ತಾರೆ. ಕಥೆ ಬೆಳೆಯಲು ಇದು ಬೇಕಾದೀತು. ಮನೆ ಬೆಳೆಯಲು ಇದು ಸಲ್ಲದು. ನಮ್ಮ ಕುಟುಂಬಗಳಲ್ಲಿ ಮುಸುಕು ಹಾಕಿಕೊಂಡು ಓಡಾಡುವವರು ಎಷ್ಟು ಜನ! ಸಾಲವನ್ನು ಹೆಂಡತಿಗೆ ಹೇಳದ ಗಂಡ, ಬೇನೆಯನ್ನು ಮಕ್ಕಳಿಗೆ ಹೇಳದ ತಾಯಿ, ಅಂಜಿಕೆಯನ್ನು ಯಾರಿಗೂ ಹೇಳದ ಮಗು. ಮಕ್ಕಳ ಮುಸುಕು ಸರಿಯಬೇಕಾದರೆ ಮೊದಲು ದೊಡ್ಡವರು ತಮ್ಮದನ್ನು ತೆಗೆಯಬೇಕಾಗುತ್ತದೆ. ಆ ಸಂಜೆ ನಾವು ಹೃದಯ ಬಿಚ್ಚಿ, ವೈದ್ಯರ ಮಾತನ್ನು ನಿನಗೆ ಹೇಳದೆ ತಪ್ಪಿದೆವೆಂದು ಹದಿನೈದರ ಹುಡುಗನ ಕ್ಷಮೆ ಕೇಳಿದೆವು. ಅದರಿಂದ ನಮ್ಮ ಹಿರಿತನಕ್ಕೆ ಕುಂದು ಬಂದಂತೆ ಕಾಣಲಿಲ್ಲ.

ಲೀ ಮತ್ತು ಡಿಟ್ಕೊ ಇಬ್ಬರೂ 2018ರಲ್ಲಿಯೇ ತೀರಿಕೊಂಡರು. ಒಬ್ಬರು ಜನರ ನಡುವೆ ಮೆರೆದವರು, ಇನ್ನೊಬ್ಬರು ಸಂದರ್ಶನವನ್ನೂ ಕೊಡದೆ ಏಕಾಂತದಲ್ಲಿ ಬಾಳಿದವರು, 1966ರಲ್ಲಿಯೇ ಬೇರೆಯಾಗಿದ್ದರು. ಅವರು ನಿರ್ಮಿಸಿದ ಹುಡುಗ ತಮ್ಮಿಂದ ಸಾವಿರಾರು ಮೈಲಿ ದೂರದ ಒಂದು ಮನೆಯಲ್ಲಿ ಏನು ಮಾಡುವನೆಂದು ಅವರು ಎಣಿಸಿರಲಾರರು. ಕಾಮಿಕ್ಸ್ ಎಲ್ಲವೂ ಒಳ್ಳೆಯವೆಂದು ಹೇಳುವುದು ನಮ್ಮ ಉದ್ದೇಶವಲ್ಲ. ನಿಮ್ಮ ಮನೆಯ ಮಗು ಒಂದು ಪುಸ್ತಕವನ್ನು, ಅದರಲ್ಲಿಯೂ ಒಂದೇ ಪುಟವನ್ನು, ಮತ್ತೆ ಮತ್ತೆ ತೆರೆಯುತ್ತಿದ್ದರೆ ಅದನ್ನು ಕಸಿಯುವ ಮೊದಲು ಪಕ್ಕದಲ್ಲಿ ಕುಳಿತು ಒಮ್ಮೆ ನೋಡಿ ಎಂದಷ್ಟೇ ಬೇಡಿಕೊಳ್ಳುತ್ತೇವೆ.

ಮೊಮ್ಮಗ ಈಗ ಹತ್ತನೆಯ ತರಗತಿಯಲ್ಲಿದ್ದಾನೆ. ಅವನ ಕೋಣೆಯ ದೀಪ ರಾತ್ರಿ ಹತ್ತೂವರೆಗೆ ಆರುತ್ತದೆ. ಕಳೆದ ತಿಂಗಳು ನಮಗೆ ಜ್ವರ ಬಂದಿತ್ತು. ನಡುರಾತ್ರಿ ಒಮ್ಮೆ ಕೆಮ್ಮಿದೆವು. ಕರೆಯುವ ಮೊದಲೇ ನೀರಿನ ತಂಬಿಗೆ ಹಿಡಿದು ಅವನು ಬಾಗಿಲಲ್ಲಿ ನಿಂತಿದ್ದ.